ಗಾಜಿನ ತೊಟ್ಟಿಯೂ ಮೀಸೆಯ ಮೀನೂ

ಮನೆಯಲ್ಲಿ ಮೀನು ಸಾಕುವುದು ಯಾರಿಗೂ ತೊಂದರೆ ಕೊಡದ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಮೀನು ನಾಯಿಯಂತೆ ಬೊಗಳದು, ಬೆಕ್ಕಿನಂತೆ ಹಾಲಿನ ಪಾತ್ರೆಗೆ ಬಾಯಿ ಹಾಕದು. ಆದರೆ ಬಾಯಿಬಿಟ್ಟು ಹೇಳಲಾರದ ಪ್ರಾಣಿಗೆ ಕಷ್ಟವೇ ಇಲ್ಲವೆಂದು ತಿಳಿಯುವುದು ನ್ಯಾಯವೇ? ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ಆದರೂ ನಾಲ್ಕು ವರ್ಷಗಳಿಂದ ಮೀನು ಸಾಕುತ್ತಿರುವವನಾದ್ದರಿಂದ, ಕ್ಯಾಟ್‌ಫಿಶ್ ಎಂದು ಕರೆಯಲ್ಪಡುವ ಮೀಸೆಯ ಮೀನುಗಳ ಪೈಕಿ ದೊಡ್ಡವುಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡಬಯಸುತ್ತೇನೆ.

ಅಂಗಡಿಯಲ್ಲಿ ಈ ಮೀನುಗಳು ಬೆರಳುದ್ದವಿರುತ್ತವೆ, ಬೆಲೆಯೂ ಅಗ್ಗ. ‘ಶಾರ್ಕ್’ ಎಂದು ಮಾರುವ ಬೆಳ್ಳಿಬಣ್ಣದ ಮರಿ ಶಾರ್ಕಲ್ಲ. ಮೆಕಾಂಗ್ ನದಿಯ ಪಂಗಾಸಿಯಸ್ ಎಂಬ ಮೀಸೆಮೀನು. ಕೆಂಪು ಬಾಲದ ಕ್ಯಾಟ್‌ಫಿಶ್ ಅಮೆಜಾನ್ ಮತ್ತು ಒರಿನೊಕೊ ನದಿಗಳದು. ಇವೆರಡೂ ಒಂದು ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲವು. ಗಾಜಿಗೆ ಬಾಯಿ ಅಂಟಿಸಿಕೊಂಡು ನಿಲ್ಲುವ ‘ಸಕ್ಕರ್’ ಮೀನು ಕೂಡ 40–50 ಸೆಂಟಿಮೀಟರ್ ಆಗುತ್ತದೆ. ನಮ್ಮ ಮನೆಗಳ ಸಾಮಾನ್ಯ ತೊಟ್ಟಿಯಾದರೋ 3 ಅಡಿ ಉದ್ದ, 1 ಅಡಿ ಅಗಲ. ಒಂದು ಅಡಿ ಅಗಲದಲ್ಲಿ ಒಂದು ಮೀಟರಿನ ಮೀನು ತಿರುಗುವುದಾದರೂ ಹೇಗೆ?

ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದುಂಟು: “ತೊಟ್ಟಿ ಎಷ್ಟೋ ಮೀನು ಅಷ್ಟೇ ಬೆಳೆಯುತ್ತದೆ, ಚಿಂತೆ ಬೇಡ.” ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮೀನೂ ಬಲ್ಲದೆಂದು ಹೇಳಿದಂತಾಯಿತು! ವಾಸ್ತವದಲ್ಲಿ ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನಿನ ಬೆಳವಣಿಗೆ ಕುಂಠಿತವಾದರೆ ಅದು ಹೊಂದಾಣಿಕೆಯಲ್ಲ, ಅನಾರೋಗ್ಯ. ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ನೀರಿಗೆ ಸೇರುತ್ತದೆ. ಅದು ಕಿವಿರನ್ನೇ ಸುಡುವ ವಿಷ. ಶೋಧಕದಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ದೊಡ್ಡ ಮೀನು ಹೆಚ್ಚು ತಿನ್ನುತ್ತದೆ, ಹೆಚ್ಚು ಕೊಳೆ ಮಾಡುತ್ತದೆ. ಸಣ್ಣ ತೊಟ್ಟಿಯ ಶೋಧಕ ಈ ಭಾರವನ್ನು ಹೊರಲಾರದು.

ಹಾಗಾದರೆ ತಕ್ಕ ಮನೆ ಯಾವುದು? ನನ್ನ ಮತದಲ್ಲಿ, ಬೆಳೆದ ಮೀನಿನ ಉದ್ದದ ನಾಲ್ಕರಷ್ಟು ಉದ್ದ, ಮೀನು ಸುಲಭವಾಗಿ ತಿರುಗುವಷ್ಟು ಅಗಲ ಇರಬೇಕು. ಒಂದು ಸಕ್ಕರ್ ಮೀನಿಗೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಾದೀತು. ಅದರಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳುಗಳ ಸಮೇತ ತೂಕ ಮುಕ್ಕಾಲು ಟನ್ನಿಗೆ ಕಡಿಮೆಯಾಗದು. ಆದುದರಿಂದ ಅದನ್ನು ನೆಲಮಹಡಿಯಲ್ಲಿ ಗಟ್ಟಿ ನೆಲದ ಮೇಲೆ ಇಡುವುದೇ ಲೇಸು. ಪಂಗಾಸಿಯಸ್ಸಿಗೂ ಕೆಂಪು ಬಾಲದ ಮೀನಿಗೂ ತೊಟ್ಟಿಯ ಮಾತೇ ಸಲ್ಲದು. ಅವಕ್ಕೆ ಕೊಳವೇ ಬೇಕು.

ಆರೈಕೆಯ ಕ್ರಮವೂ ಕಷ್ಟವಲ್ಲ, ತಪ್ಪದೆ ನಡೆಸುವುದೇ ಕಷ್ಟ. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರು ಬದಲಿಸಬೇಕು. ನಲ್ಲಿಯ ನೀರಿನ ಕ್ಲೋರಿನನ್ನು ಹೋಗಲಾಡಿಸಿಯೇ ತೊಟ್ಟಿಗೆ ಹಾಕಬೇಕು. ಶೋಧಕವನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಾಡಿಸಬೇಕು. ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಉಪಕಾರಿ ಸೂಕ್ಷ್ಮಾಣುಗಳು ನಾಶವಾಗುತ್ತವೆ. ಕರೆಂಟು ಹೋದಾಗ ಗಾಳಿಯಾಡಿಸಲು ಬ್ಯಾಟರಿಯ ಪಂಪು ಇರಲಿ. ತಳದಲ್ಲಿ ಚೂಪು ಕಲ್ಲಿನ ಬದಲು ನುಣುಪಾದ ಮರಳಿದ್ದರೆ ಮೀಸೆಗಳು ಸವೆಯುವುದಿಲ್ಲ. ಹಗಲು ಅಡಗಿರಲು ಆಸರೆ ಬೇಕು. ಈ ಮೀನುಗಳಿಗೆ ಸಾಧಾರಣ ಮೀನುಗಳಂತಹ ಹುರುಪೆಗಳಿಲ್ಲ. ಆದಕಾರಣ ಔಷಧಿ, ಉಪ್ಪುಗಳನ್ನು ಮನಸ್ವೀ ಸುರಿಯಬಾರದು. ಸಕ್ಕರ್ ಮೀನು ತೊಟ್ಟಿಯ ಕೊಳೆ ತಿಂದೇ ಬದುಕುತ್ತದೆಂಬುದು ಶುದ್ಧ ಭ್ರಮೆ. ಅದಕ್ಕೆ ಸೌತೆಕಾಯಿ, ಸೊಪ್ಪು, ಕೆರೆಯಲು ಮರದ ತುಂಡು ಬೇಕು. ಇಲ್ಲವಾದರೆ ಎಲ್ಲರ ಕಣ್ಣೆದುರಿಗೇ ಅದು ಹಸಿವಿನಿಂದ ಸೊರಗುತ್ತದೆ.

“ದೊಡ್ಡದಾದರೆ ಕೆರೆಗೆ ಬಿಟ್ಟರಾಯಿತು” ಎನ್ನುವವರೂ ಇದ್ದಾರೆ. ನನ್ನ ಸೋದರಮಾವನವರ ಮನೆಯ ‘ಶಾರ್ಕ್’ ಎರಡು ವರ್ಷಗಳಲ್ಲಿ ಮೊಳಕ್ಕೂ ಮಿಕ್ಕಿ ಬೆಳೆಯಿತು. ಸ್ವಲ್ಪ ಸದ್ದಾದರೂ ಬೆದರಿ ಓಡಿ, ಗಾಜಿಗೆ ಬಡಿದು ಮೂತಿಯೆಲ್ಲ ಗಾಯ ಮಾಡಿಕೊಂಡಿತು. ಊರ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣವೆಂದು ಅತ್ತೆಯವರು ಬುಟ್ಟಿ ಸಿದ್ಧಮಾಡಿದ್ದರು. “ಅತ್ತೆ, ಒಂದು ಜೀವಕ್ಕೆ ಪುಣ್ಯ ಮಾಡಲು ಹೋಗಿ ಕೆರೆಯ ಜೀವಗಳಿಗೆಲ್ಲ ಪಾಪ ಮಾಡಬೇಡಿ” ಎಂದು ನಾನು ಅಡ್ಡನಿಂತೆ. ಎರಡು ದಿನ ವಾದವಾಯಿತು. ಕೊನೆಗೆ ಬಂಧುಗಳೊಬ್ಬರ ತೋಟದ ದೊಡ್ಡ ಸಿಮೆಂಟು ತೊಟ್ಟಿಯಲ್ಲಿ ಅದಕ್ಕೆ ಆಶ್ರಯ ದೊರೆಯಿತು. ಎಲ್ಲ ಮೀನುಗಳಿಗೂ ತೋಟವಿರುವ ಬಂಧುಗಳಿರುವುದಿಲ್ಲ.

ನನ್ನ ಭಯ ನಿರಾಧಾರವಾದುದಲ್ಲ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಕೇರಳ, ಆಂಧ್ರ, ಬಂಗಾಳಗಳ ನೀರುಗಳಲ್ಲಿ ಸೇರಿಕೊಂಡಿದೆ. ಅದು ದಡದಲ್ಲಿ ಬಿಲ ಕೊರೆಯುತ್ತದೆ; ಅದರ ಮುಳ್ಳುಗಳಿಗೆ ಸಿಕ್ಕಿ ಬೆಸ್ತರ ಬಲೆಗಳು ಹರಿಯುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರವು 2000ದಲ್ಲಿ ನಿಷೇಧಿಸಿತು. ಆದರೂ ನೀರಿಗೆ ಸೇರಿದ ಮೀನು ಆಜ್ಞೆಗೆ ಹೆದರಿ ಹಿಂದಿರುಗಲಿಲ್ಲ. ಹವ್ಯಾಸ ನಮ್ಮದು, ನಷ್ಟ ಬೆಸ್ತನದು ಎಂಬ ಈ ಲೆಕ್ಕ ಯಾವ ಅರ್ಥಶಾಸ್ತ್ರಕ್ಕೂ ಒಪ್ಪುವಂಥದಲ್ಲ.

ಮೀನು ಸಾಕಲೇಬಾರದೆಂದು ನನ್ನ ವಾದವಲ್ಲ. ಮೀಸೆಯ ಮೀನೇ ಬೇಕೆನ್ನುವವರಿಗೆ ಕೋರಿಡೋರಸ್ ಎಂಬ ಪುಟ್ಟ ಜಾತಿಯುಂಟು; ಎರಡು ಮೂರು ಅಂಗುಲಕ್ಕಿಂತ ದೊಡ್ಡದಾಗದು. ಅದನ್ನು ಒಂಟಿಯಾಗಿಡದೆ ಆರರ ಗುಂಪಾಗಿಟ್ಟರೆ ಮೂರಡಿಯ ತೊಟ್ಟಿಯಲ್ಲಿ ಸುಖವಾಗಿರುತ್ತದೆ. ಅಂಗಡಿಯವರು ಪ್ರತಿ ತೊಟ್ಟಿಯ ಮೇಲೆ ಬೆಲೆಯೊಡನೆ ಬೆಳೆದ ಮೀನಿನ ಅಳತೆಯನ್ನೂ ಬರೆಯಲಿ. ಕೊಳ್ಳುವವರು “ಬೆಲೆಯೆಷ್ಟು?” ಎನ್ನುವ ಮೊದಲು “ಎಷ್ಟುದ್ದ ಬೆಳೆಯುತ್ತದೆ? ಎಷ್ಟು ವರ್ಷ ಬದುಕುತ್ತದೆ?” ಎಂದು ಕೇಳಲಿ. ಸಹಪಾಠಿ ಮಿತ್ರರೇ, ಹಾಸಿಗೆಯನ್ನು ನೋಡಿ ಕಾಲು ಚಾಚಬೇಕಾದವರು ನಾವು, ಮೀನಲ್ಲ. ಅದರ ಹಾಸಿಗೆಯನ್ನು ಹಾಸುವವರೂ ನಾವೇ.