ನುರಿತ ಕೈಗಳು ಎಲ್ಲಿಂದ ಬರಬೇಕು?

ನುರಿತ ಕೆಲಸಗಾರರು ದೊರೆಯುವುದಿಲ್ಲವೆಂಬ ದೂರು ನಮ್ಮ ಉದ್ಯಮಪತಿಗಳ ಬಾಯಿಂದ ಮತ್ತೆ ಮತ್ತೆ ಕೇಳಿಬರುತ್ತಿರುವುದು. ಶಾಲೆಗಳು ಸರಿಯಿಲ್ಲ, ತರುಣರಲ್ಲಿ ಶ್ರದ್ಧೆಯಿಲ್ಲ, ಕಲಿತವನು ನಾಳೆ ಬೇರೆ ಕಾರಖಾನೆಗೆ ಹೊರಟುಹೋಗುವನು ಎಂದು ದೋಷವನ್ನೆಲ್ಲ ಅನ್ಯರ ಮೇಲೆ ಹೊರಿಸಲಾಗುತ್ತಿದೆ. ತಮ್ಮ ಮೇಸ್ತ್ರಿಗಳೂ ವ್ಯವಸ್ಥಾಪಕರೂ ಕಳೆದ ವರ್ಷ ಎಷ್ಟು ಮಂದಿಗೆ ಕೆಲಸ ಕಲಿಸಿದರೆಂಬ ಲೆಕ್ಕವನ್ನು ಮಾತ್ರ ಇವರು ಮುಂದಿಡುವುದಿಲ್ಲ. ಕೈಕೆಳಗಿನವನನ್ನು ತನ್ನ ಸ್ಥಾನಕ್ಕೆ ಯೋಗ್ಯನನ್ನಾಗಿ ಮಾಡುವುದೇ ಮೇಲಧಿಕಾರಿಯ ಮೊದಲ ಕರ್ತವ್ಯವೆಂದು ನಾವು ತಿಳಿದಿರುವೆವು.

ಇದು ಬರಿಯ ಆದರ್ಶದ ಮಾತಲ್ಲ. ಜಮಶೇದಪುರದಲ್ಲಿ 1912ರಲ್ಲಿ ಮೊದಲ ಉಕ್ಕು ಹೊರಬಂದಾಗ ಕುಲುಮೆಗಳ ಮೇಲಿನ ಅಧಿಕಾರವು ಪರದೇಶದ ತಜ್ಞರ ಕೈಯಲ್ಲಿತ್ತು. ಉಕ್ಕಿನ ಕೆಲಸದ ಮರ್ಮವು ಭಾರತೀಯರಿಗೆ ಎಟುಕದೆಂದು ನಂಬಿದವರು ಆಗ ಬಹಳ ಮಂದಿ. ಕಾರಖಾನೆಯವರು 1921ರಲ್ಲಿ ತಾಂತ್ರಿಕ ಶಿಕ್ಷಣಾಲಯವನ್ನು ತೆರೆದು, ಪಾಠವನ್ನೂ ಕುಲುಮೆಯ ಅನುಭವವನ್ನೂ ಜೊತೆಗೂಡಿಸಿ ನಮ್ಮ ತರುಣರನ್ನು ಸಿದ್ಧಗೊಳಿಸತೊಡಗಿದರು. ಪರದೇಶದವರ ಸಂಖ್ಯೆಯು ಕ್ರಮೇಣ ಇಳಿಯಿತು. 1938ರಲ್ಲಿ ಜಹಾಂಗೀರ ಘಾಂದಿಯವರು ಅಲ್ಲಿಯ ಪ್ರಥಮ ಭಾರತೀಯ ಜನರಲ್ ಮ್ಯಾನೇಜರರಾದರು. ಅಲ್ಲಿ ಎಲ್ಲವೂ ಸುಗಮವಾಗಿತ್ತೆಂದು ನಾವು ಹೇಳುವುದಿಲ್ಲ. 1912ರಲ್ಲಿಯೇ ಎಂಟು ಗಂಟೆಯ ದಿನವನ್ನು ಜಾರಿಗೆ ತಂದ ಆ ಕಾರಖಾನೆಯಲ್ಲಿಯೂ 1920, 1922 ಮತ್ತು 1928ರಲ್ಲಿ ದೊಡ್ಡ ಮುಷ್ಕರಗಳಾದವು. ಸೌಕರ್ಯ ಕೊಟ್ಟ ಮಾತ್ರಕ್ಕೆ ದೂರು ಕೇಳುವ ಹೊಣೆಯು ತೀರುವುದಿಲ್ಲವಷ್ಟೆ!

ನಮ್ಮ ನಾಡಿನ ನಿದರ್ಶನವೂ ಉಂಟು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರಖಾನೆಯು ನಷ್ಟದಲ್ಲಿ ಸಿಲುಕಿದಾಗ ಶ್ರೀ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ದುಬಾರಿಯ ವಿದೇಶೀ ತಜ್ಞರಿದ್ದ ಜಾಗಗಳಿಗೆ ಮೈಸೂರಿನ ತರುಣರನ್ನು ತರಬೇತುಗೊಳಿಸಿದರು. ಶಿಸ್ತಿನ ವಿಷಯದಲ್ಲಿ ಅವರು ಕಠೋರರೆಂಬುದು ಸರ್ವವಿದಿತ. ಆದರೆ ಅದು ಕಲಿಸುವವನ ಕಾಠಿನ್ಯವಾಗಿತ್ತು. ಇಂದು ನಾವು ಕಾಣುತ್ತಿರುವುದು ಎಣಿಸುವವನ ಕಾಠಿನ್ಯ. ಗಂಟೆಗೆ ಎಷ್ಟು ನಗ, ಎಷ್ಟು ನಿಮಿಷ ತಡ, ಇಷ್ಟನ್ನು ಬರೆದುಕೊಂಡರೆ ಮೇಲ್ವಿಚಾರಣೆ ಮುಗಿಯಿತು!

1961ರ ಅಪ್ರೆಂಟಿಸ್ ಕಾಯಿದೆಯು ಜಾರಿಯಲ್ಲಿರುವುದು. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರಲ್ಲಿ ತಿದ್ದಿದ ನಿಯಮಗಳು ಹೇಳುವುವು. ಸಂಖ್ಯೆಯು ಕಾಗದದ ಮೇಲೆ ತುಂಬಬಹುದು. ಆದರೆ ವರ್ಷವಿಡೀ ಒಂದೇ ತಿರುಪನ್ನು ಬಿಗಿಮಾಡಿ ಹೊರಬಿದ್ದ ಹುಡುಗನು ಕಲಿತದ್ದೇನು? ಗುತ್ತಿಗೆಯ ಆಳಿನ ಅವಸ್ಥೆಯಂತೂ ಇನ್ನೂ ಶೋಚನೀಯ: ಅವನ ಒಡೆಯನು ಯಾರೆಂಬುದೇ ಅವನಿಗೆ ನಿಶ್ಚಯವಿಲ್ಲ. 2020ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ಕಾರಖಾನೆಯೊಂದರಲ್ಲಿ ಸಂಬಳದ ದೂರು ದೊಂಬಿಯಾಗಿ ಪರಿಣಮಿಸಿತು. ದೊಂಬಿಯನ್ನು ನಾವು ಎಂದಿಗೂ ಸಮರ್ಥಿಸೆವು. ಆ ದೂರನ್ನು ಮೊದಲು ಕೇಳಬೇಕಾಗಿದ್ದವರು ಯಾರೆಂಬ ಪ್ರಶ್ನೆಯಾದರೂ ಉಳಿದೇ ಇರುವುದು.

ಕಲಿತವನು ಬಿಟ್ಟುಹೋಗುವನೆಂಬ ಭಯದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಲಿಸದೆ ಇಟ್ಟುಕೊಂಡವನಿಂದ ಆಗುವ ನಷ್ಟವನ್ನು ಈ ಮಹನೀಯರು ಯಾವ ಖಾತೆಗೆ ಬರೆಯುತ್ತಿರುವರೋ ತಿಳಿಯದು. ಸರಕಾರವು ಉದ್ಯಮಗಳಿಗೆ ಭೂಮಿಯನ್ನೂ ರಿಯಾಯಿತಿಗಳನ್ನೂ ಕೊಡುತ್ತಿದೆ. ಅದು ಪ್ರಜೆಗಳ ಸ್ವತ್ತು. ಅದಕ್ಕೆ ಪ್ರತಿಯಾಗಿ, ಎಷ್ಟು ಅಪ್ರೆಂಟಿಸರು ಕಾಯಂ ಆದರು, ಎಷ್ಟು ಕೆಲಸಗಾರರು ಮೇಸ್ತ್ರಿಗಳಾದರು, ಗುತ್ತಿಗೆಯವರಲ್ಲಿ ಯಾರಿಗೆ ಏನು ಕಲಿಸಲಾಯಿತು ಎಂಬ ವರದಿಯನ್ನು ಪ್ರತಿವರ್ಷವೂ ಪಡೆದು ಪ್ರಕಟಿಸತಕ್ಕದ್ದು. ಕಾರ್ಮಿಕ ಇಲಾಖೆಯು ಬರುವ ವರ್ಷದಿಂದಲೇ ಇದನ್ನು ಆರಂಭಿಸಲು ಅಡ್ಡಿಯೇನೂ ನಮಗೆ ಕಾಣಿಸುವುದಿಲ್ಲ.