ಕ್ರೇನು ಎಷ್ಟು ಭಾರ ಎತ್ತೀತು?

ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಮಕ್ಕಳಿಗೆ ನಂಬರು ಹೊಸದಲ್ಲ. ಎರಡನೇ ಕ್ಯಾಂಪು, ಮೂರನೇ ಕ್ಯಾಂಪು ಎಂದೇ ಊರಿನ ಗುರುತು. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಎಂಜಿನ್, ಡಬ್ಬಿ, ವ್ಯಾಗನ್ನುಗಳ ನಂಬರುಗಳೂ ಅವರ ಕಣ್ಣಿಗೆ ಬೀಳುತ್ತಿವೆ. ಆದರೆ ರೈಲ್ವೆಯ ಒಂದು ವಾಹನದ ಮೇಲಿನ ಅಂಕಿಯನ್ನು ಬಹಳ ಎಚ್ಚರದಿಂದ ಓದಬೇಕು. ಅದೇ ಅಪಘಾತದ ಸ್ಥಳಕ್ಕೆ ಹೋಗುವ ಬ್ರೇಕ್‌ಡೌನ್ ಕ್ರೇನು.

2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ಸರಕು ರೈಲಿಗೆ ಡಿಕ್ಕಿ ಹೊಡೆದು 20ಕ್ಕೂ ಹೆಚ್ಚು ಜನ ಸತ್ತರು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಅವಸರ. ಆದರೆ ಕ್ರೇನು ನಡೆಸುವವನು ಅವಸರ ಮಾಡುವಂತಿಲ್ಲ. ಲೆಕ್ಕ ತಪ್ಪಿದರೆ ಕ್ರೇನೇ ಮಗುಚಿ, ಉಳಿಸಲು ಹೋದವರೂ ಅದರಡಿ ಸಿಕ್ಕಾರು.

ನಮ್ಮ ರೈಲ್ವೆಯ ದೊಡ್ಡ ಕ್ರೇನುಗಳ ಸಾಮರ್ಥ್ಯ 140 ಟನ್. ಸರಕು ರೈಲು ಎಳೆಯುವ ವಿದ್ಯುತ್ ಎಂಜಿನ್ನಿನ ತೂಕ 120 ಟನ್ನಿಗೂ ಹೆಚ್ಚು. ಹಾಗಾದರೆ ಕ್ರೇನು ಅದನ್ನು ಎಷ್ಟು ದೂರದಿಂದಲಾದರೂ ಎತ್ತೀತೇ? ಇಲ್ಲ.

ಪುಸ್ತಕ ತುಂಬಿದ ಪಾಟಿಚೀಲವನ್ನು ಎದೆಗೆ ಅವಚಿ ಹಿಡಿಯಿರಿ. ಈಗ ಅದನ್ನೇ ಕೈ ನೀಡಿ ಮುಂದೆ ಹಿಡಿಯಿರಿ. ಚೀಲ ಅಷ್ಟೇ ಇದ್ದರೂ ಕೈ ಸೋಲುತ್ತದೆ. ಕ್ರೇನಿನ ತೋಳಿಗೂ ಇದೇ ಪಾಡು. ಒಂದು ಕ್ರೇನು 10 ಮೀಟರ್ ದೂರದ 20 ಟನ್ ಎತ್ತುತ್ತದೆ ಎನ್ನಿ. ಭಾರವನ್ನು ದೂರದಿಂದ ಗುಣಿಸಿದರೆ 200. ದೂರ 20 ಮೀಟರ್ ಆದರೆ ಹೆಚ್ಚುಕಡಿಮೆ 10 ಟನ್ ಮಾತ್ರ. ಆದ್ದರಿಂದಲೇ ಯಾವ ದೂರಕ್ಕೆ ಎಷ್ಟು ಭಾರ ಎಂಬ ಪಟ್ಟಿ ಕ್ರೇನಿನೊಂದಿಗೇ ಇರುತ್ತದೆ. ಬದಿಗೆ ಚಾಚುವ ಕಾಲುಗಳನ್ನು ಊರಿ ನಿಂತಾಗ ಒಂದು ಲೆಕ್ಕ, ಊರದಿದ್ದಾಗ ಇನ್ನೊಂದು.

ಸರಪಳಿ, ತಂತಿಹಗ್ಗ, ಕೊಂಡಿಗಳಿಗೂ ತಂತಮ್ಮ ಮಿತಿಯ ಗುರುತು ಇರುತ್ತದೆ. ಕ್ರೇನು 100 ಟನ್ ಎತ್ತಬಲ್ಲದು, ಕೊಂಡಿ ತಾಳುವುದು 40 ಟನ್ ಎಂದರೆ, ಆ ಹೊತ್ತಿನ ಮಿತಿ 40 ಟನ್ನೇ. ಗುರುತು ಅಳಿಸಿದ ಹಗ್ಗ ಎಷ್ಟೇ ಗಟ್ಟಿಯಾಗಿ ಕಂಡರೂ ನಂಬುವಂತಿಲ್ಲ.

ಪಾಲಕರೇ, ಮುಂದಿನ ಸಲ ನಿಲ್ದಾಣದಲ್ಲಿ ಸರಕು ರೈಲು ನಿಂತಿದ್ದರೆ ಪ್ಲಾಟ್‌ಫಾರ್ಮಿನಿಂದಲೇ ಮಕ್ಕಳಿಗೆ ವ್ಯಾಗನ್ ತೋರಿಸಿ. ಅದರ ಖಾಲಿ ತೂಕ, ಅದು ಹೊರಬಹುದಾದ ಭಾರ ಎರಡನ್ನೂ ಬರೆದಿರುತ್ತಾರೆ. ಕೂಡಿಸಲು ಹೇಳಿ. ತುಂಬಿದ ವ್ಯಾಗನ್ ಹಳಿ ತಪ್ಪಿದರೆ ಕ್ರೇನಿನವನು ಮೊದಲು ಕೇಳುವುದು ಆ ಉತ್ತರವನ್ನೇ. ಎರಡನೆಯ ಪ್ರಶ್ನೆ: ಅದು ಎಷ್ಟು ದೂರದಲ್ಲಿದೆ?