ಬಿಸಿಲು ಸರಿದಲ್ಲಿಗೆ ಫಲಕವೂ ಸರಿಯಲಿ

ಸೋಲಾರ್ ಎಂದರೆ ಚಾವಣಿ ಎಂಬ ಲೆಕ್ಕ ಬಯಲುಸೀಮೆಯ ತಾರಸಿ ಮನೆಗಳಿಗೆ ಸರಿ. ಮೂಡಿಗೆರೆ, ಕಳಸದ ಕಾಫಿ ತೋಟದ ಮನೆಗಳಿಗೆ ಅದು ಒಗ್ಗುವುದಿಲ್ಲ. ಇಲ್ಲಿ ಕಡಿದಾದ ಹೆಂಚಿನ ಮಾಡು, ಸುತ್ತಲೂ ನೆರಳುಮರ. ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. 20 ಮೀಟರಿನ ಸಿಲ್ವರ್ ಓಕ್ ಮರದ ನೆರಳು ಆಗ ಉತ್ತರಕ್ಕೆ 15 ಮೀಟರ್ ಚಾಚುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದರಿಂದ ಅದೇ ಮರದ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಫಲಕದೊಳಗಿನ ಕೋಶಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಆ ಮೂಲೆಯ ಅಳತೆ ಮೀರಿ ಕುಸಿಯುತ್ತದೆ. ಮರಗಸಿ ಮಾಡಿ ಕೊಂಬೆ ಕಡಿದರಾಯಿತಲ್ಲ ಎನ್ನಬಹುದು. ಆದರೆ ಮರಗಸಿ ನಡೆಯುವುದು ಕಾಫಿ ಗಿಡದ ಅಗತ್ಯ ನೋಡಿ. ಫಲಕಕ್ಕಾಗಿ ತೋಟದ ನೆರಳು ಕೆಡಿಸುವುದು ಯಾರಿಗೂ ಲಾಭವಲ್ಲ. ಮರ ನಿಂತಲ್ಲೇ ಇರಲಿ, ಫಲಕ ಸರಿಯಲಿ.

ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಜಿಐ ಪೈಪಿನ ಚೌಕಟ್ಟು, ಇಳಿಜಾರು ಬದಲಿಸಲು ತೂತು ಕೊರೆದ ಕಾಲುಗಳು, ತಳಕ್ಕೆ ಗಾಲಿ ಇದ್ದರೆ ಎರಡು ಫಲಕಗಳನ್ನು ಇಬ್ಬರು ಸೇರಿ ಅಂಗಳದ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯಬಹುದು. ಕಾಫಿ ಒಣಗಿಸುವ ತಿಂಗಳುಗಳಲ್ಲಿ ಕಣ ಬಿಟ್ಟುಕೊಡಬೇಕು. ಕೊಯ್ಲು ಮುಗಿದ ಮೇಲೆ ಊರಲ್ಲೇ ಅತಿ ಹೆಚ್ಚು ಬಿಸಿಲು ಬೀಳುವ ಆ ಜಾಗ ಖಾಲಿ. ಗಾಳಿಯ ಭಯ ಮಾತ್ರ ನಿಜವಾದದ್ದು. ಗಂಟೆಗೆ 100 ಕಿ.ಮೀ. ಬಿರುಗಾಳಿ ಎರಡೂವರೆ ಚದರ ಮೀಟರಿನ ಫಲಕವೊಂದನ್ನು ಎದುರಿನಿಂದ ಸುಮಾರು 120 ಕೆಜಿ ಬಲದಲ್ಲಿ ನೂಕುತ್ತದೆ. ಆದ್ದರಿಂದ ಮಲಗಿಸಲು ಬಾರದ, ನೆಲದ ಗೂಟಕ್ಕೆ ಬಿಗಿಯಲು ಬಾರದ ಸ್ಟ್ಯಾಂಡನ್ನು ಮಲೆನಾಡಿನಲ್ಲಿ ಯಾರೂ ಮಾಡಿಸಲೇಬಾರದು. ಅರ್ಥಿಂಗ್ ಕೂಡ ಜಾಗ ಬದಲಾದಾಗಲೆಲ್ಲ ಮರುಜೋಡಣೆ ಆಗಲೇಬೇಕು.

ಕರೆಂಟು ಹೆಚ್ಚು ಹೋಗುವುದು ಮಳೆಗಾಲದಲ್ಲಿ, ಆಗ ಬಿಸಿಲೇ ಇಲ್ಲವಲ್ಲ ಎಂಬುದು ಗಟ್ಟಿ ಆಕ್ಷೇಪ. ಮೋಡದ ದಿನ ಸಿಗುವುದು ಅಲ್ಪ ಪಾಲು, ಒಪ್ಪೋಣ. ನಾಲ್ಕು ಎಲ್ಇಡಿ ದೀಪ, ಮೊಬೈಲು ಇಷ್ಟಕ್ಕೆ ಆ ಅಲ್ಪವನ್ನೇ ಅಳತೆಯಾಗಿಟ್ಟು ಫಲಕ, ಬ್ಯಾಟರಿ ಆರಿಸಬೇಕು; ಹಳ್ಳದ ನೀರಿರುವವರು ಪಿಕೋ ಹೈಡ್ರೋ ಟರ್ಬೈನನ್ನು ಜೊತೆಗಿಟ್ಟುಕೊಳ್ಳಬೇಕು. 2024ರ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ, ಆದರೆ ಗ್ರಿಡ್‌ಗೆ ಸೇರಿದ ಚಾವಣಿ ಘಟಕಕ್ಕೆ. ಬ್ಯಾಟರಿಯಿಲ್ಲದ ಅಂಥ ಘಟಕ ಲೈನ್ ಹೋದೊಡನೆ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ತಂತಿ ಮೇಲೆ ಮರ ಬಿದ್ದ ರಾತ್ರಿ ಅದರಿಂದ ಒಂದು ದೀಪವೂ ಉರಿಯದು. ಆ ಹಣದಲ್ಲೊಂದು ಪಾಲು ಬ್ಯಾಟರಿಗೂ ನೆಲದ ಸ್ಟ್ಯಾಂಡಿಗೂ ಸಿಗುವಂತೆ ಮಲೆನಾಡಿಗೆ ಬೇರೆ ನಿಯಮ ಬೇಕೆಂದು ನಮ್ಮ ಶಾಸಕರು, ಸಂಸದರು ಕೇಳಬೇಕು.